ರಜೆಗೆ ಬಂದ ದೊಡ್ಡಪ್ಪ

ಡಿಸೆಂಬರ್ ತಿಂಗಳಲ್ಲಿ ಸುಳ್ಯದ ಕಡೆಗೆ ದೊಡ್ಡ ಮನುಷ್ಯರು ಬರುತ್ತಾರೆ. ವರ್ಷದ ಉಳಿದ ದಿನಗಳಲ್ಲಿ ಇವರು ಪುಣೆಯಲ್ಲೋ ಮುಂಬಯಿಯಲ್ಲೋ ಮಸ್ಕತ್ತಿನಲ್ಲೋ ಏನು ಮಾಡುತ್ತಾರೆಂದು ಇಲ್ಲಿ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಗೊತ್ತಿಲ್ಲದ್ದರಿಂದಲೇ ಅವರು ದೊಡ್ಡ ಮನುಷ್ಯರು. ಕ್ರಿಸ್ಮಸ್ ರಜೆಗೆ ಸರಿಯಾಗಿ ಬಾಡಿಗೆ ಕಾರಿನಲ್ಲಿ ಬಂದಿಳಿದು, ಗೃಹಪ್ರವೇಶ, ಮದುವೆ, ಭೂತದ ನೇಮ ಒಂದನ್ನೂ ಬಿಡದೆ ಉಂಡು, ಹೋದಲ್ಲೆಲ್ಲ ‘ನೋಡುವ, ಹೇಳುವ’ ಎಂದು ಭರವಸೆ ಹಂಚಿ, ಜನವರಿಯಲ್ಲಿ ಹೊರಟುಹೋಗುತ್ತಾರೆ. ಆ ಭರವಸೆಯನ್ನು ನೆಚ್ಚಿಕೊಂಡು ಇಲ್ಲಿಯವರು ಮುಂದಿನ ಡಿಸೆಂಬರಿನವರೆಗೆ ಕಾಯುತ್ತಾರೆ. ಹೀಗೆ ಕಾಯುವ ಮೂರ್ಖರ ಪೈಕಿ ಶಾಮಿಯಾನದ ತೀರ್ಥರಾಮನೂ ಒಬ್ಬ.

ತೀರ್ಥರಾಮನ ಮನೆ ಸುಳ್ಯ ಪೇಟೆಯಿಂದ ಸ್ವಲ್ಪ ಹೊರಗೆ, ಅವನ ಗೋದಾಮಿನ ಬೆನ್ನಿಗೇ ಇದೆ. ಗೋದಾಮಿನಲ್ಲಿ ಕುರ್ಚಿ, ಮೇಜು, ಕಬ್ಬಿಣದ ಕಂಬ, ಬಣ್ಣದ ಬಟ್ಟೆ. ಮನೆಯಲ್ಲಿ ಹೆಂಡತಿ ಜಲಜಾಕ್ಷಿ, ತಾಯಿ ಸೇವಂತಿ, ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿರುವ ಮಗ ಹರ್ಷಿತ್. ಅಕ್ಟೋಬರಿನಿಂದ ಮಗಳು ಭವಿತಾ ಕೂಡ. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ ಅವಳು ಮಂಗಳೂರಿನ ಹತ್ತಿರ ಒಂದು ಬಣ್ಣದ ಕಾರ್ಖಾನೆಯ ಲ್ಯಾಬಿನಲ್ಲಿ ನಾಲ್ಕು ವರ್ಷ ದುಡಿದಿದ್ದಳು. ಕಾರ್ಖಾನೆ ಕೈ ಬದಲಾಯಿತು. ಹೊಸ ಯಜಮಾನರಿಗೆ ಲ್ಯಾಬ್ ಬೇಡವಾಯಿತು. ಭವಿತಾ ಹಾಸಿಗೆ, ಬಕೆಟ್ಟು, ಒಂದು ಕುಕ್ಕರ್ ಹಿಡಿದುಕೊಂಡು ಊರಿಗೆ ಬಂದಳು.

ಬಂದ ಮಗಳನ್ನು ಮನೆ ಹೇಗೆ ನೋಡಿಕೊಂಡಿತು ಎಂದರೆ, ಮೊದಲ ವಾರ ಅತಿಥಿಯಂತೆ, ಎರಡನೆಯ ವಾರದಿಂದ ಗೋದಾಮಿನ ಆಳಿನಂತೆ. ಮದುವೆ ಮನೆಗಳಿಂದ ಬರುವ ಮೇಜಿನ ಬಟ್ಟೆಗಳಲ್ಲಿ ಪಾಯಸ, ಸಾರು, ಕೋಳಿ ಸುಕ್ಕದ ಎಣ್ಣೆ ಎಲ್ಲ ಇರುತ್ತಿತ್ತು. ಅವನ್ನು ಒಗೆಯುವುದು ಅವಳ ಪಾಲಿಗೆ ಬಂತು. “ಕೆಮಿಸ್ಟ್ ಅಲ್ವಾ ನೀನು, ಯಾವ ಕಲೆಗೆ ಯಾವ ಪುಡಿ ಅಂತ ನಿಂಗೆ ಗೊತ್ತುಂಟಲ್ಲ” ಎಂದು ಹರ್ಷಿತ್ ತಮಾಷೆ ಮಾಡಿದ. ಭವಿತಾ ಒದ್ದೆ ಬಟ್ಟೆಯನ್ನೇ ಅವನ ಮೇಲೆ ಎಸೆದಳು.

ಬಟ್ಟೆ ಒಗೆದಾದ ಮೇಲೆ ಅವಳು ಲ್ಯಾಪ್‌ಟಾಪಿನ ಮುಂದೆ ಕೂತು ಅರ್ಜಿ ಹಾಕುತ್ತಿದ್ದಳು. ಯಾರೂ ಉತ್ತರಿಸುತ್ತಿರಲಿಲ್ಲ.

“ಅದನ್ನು ಒತ್ತಿ ಒತ್ತಿ ಕೆಲಸ ಸಿಗುದಿದ್ರೆ ಊರಿನಲ್ಲಿ ಯಾರೂ ಖಾಲಿ ಕೂತ್ಕೊಳ್ತಿರ್ಲಿಲ್ಲ” ಎಂದ ತೀರ್ಥರಾಮ ಒಂದು ರಾತ್ರಿ ಊಟಕ್ಕೆ ಕೂತಾಗ, ಗಂಜಿಗೆ ಉಪ್ಪಿನಕಾಯಿ ಬಡಿಸಿಕೊಳ್ಳುತ್ತ. “ಜನ ಬೇಕು ಮಾರಾಯ್ತಿ, ಜನ. ನಮಗಾಗಿ ಒಂದು ಮಾತು ಹೇಳುವವರು ಬೇಕು.”

“ಡಿಸೆಂಬರ್ ಅಲ್ವಾ ಅಪ್ಪ. ದೊಡ್ಡ ದೊಡ್ಡವರೆಲ್ಲ ರಜೆಯಲ್ಲಿರ್ತಾರೆ.”

“ರಜೆಯಲ್ಲಿ ಅವರು ಎಲ್ಲಿಗೆ ಬರುದು? ಇಲ್ಲಿಗೇ ಬರುದಲ್ವಾ? ಅವರಿಗೆ ಕೂತ್ಕೊಳ್ಳಿಕ್ಕೆ ಕುರ್ಚಿ ಹಾಕುದು ಯಾರು? ನಾನು!”

ಇದು ತೀರ್ಥರಾಮನ ಮಹಾ ಸಿದ್ಧಾಂತ. ತಾನು ಹಾಕಿಕೊಟ್ಟ ಕುರ್ಚಿಯಲ್ಲಿ ಕೂತವರು ಒಂದಲ್ಲ ಒಂದು ದಿನ ತನಗೆ ಉಪಕಾರ ಮಾಡುತ್ತಾರೆಂದು ಅವನು ಮನಸಾರೆ ನಂಬಿದ್ದ. ಕೂತವರಿಗೆ ಕುರ್ಚಿ ಯಾರದೆಂದೇ ಗೊತ್ತಿರಲಿಲ್ಲ.

“ಈ ಸಲ ಮಹಾಬಲಣ್ಣ ಬರ್ತಾರಂತೆ” ಎಂದಳು ಜಲಜಾಕ್ಷಿ. ಮಹಾಬಲನೆಂದರೆ ಅವಳ ದೊಡ್ಡಮ್ಮನ ಮಗಳು ನಳಿನಾಕ್ಷಿಯ ಗಂಡ, ಭವಿತಾಳಿಗೆ ದೊಡ್ಡಪ್ಪ. ಪುಣೆಯ ಒಂದು ಔಷಧಿ ಕಂಪೆನಿಯಲ್ಲಿ ಜನರಲ್ ಮ್ಯಾನೇಜರ್. ಜನರನ್ನು ಕೆಲಸಕ್ಕೆ ತೆಗೆದುಕೊಳ್ಳುವ ವಿಭಾಗವೇ ಅವನ ಕೈಯಲ್ಲಿ ಎಂದು ಪ್ರತೀತಿ.

“ಆ ಮಹಾಬಲನಾ?” ಎಂದಳು ಅಜ್ಜಿ ಸೇವಂತಿ. “ಕಳೆದ ವರ್ಷ ಆಚೆಮನೆ ತ್ಯಾಂಪಣ್ಣನ ಮಗನಿಗೆ ಕೆಲಸ ಕೊಡಿಸ್ತೇನೆ ಅಂತ ಹೇಳಿ ಊರಿನ ಕೋಳಿ ಎರಡನ್ನು ತಿಂದು ಹೋದ. ಹುಡುಗ ಈಗಲೂ ಮನೆಯಲ್ಲೇ ಇದ್ದಾನೆ. ಕೋಳಿಗಳು ಮಾತ್ರ ಇಲ್ಲ.”

“ನೀವು ಸುಮ್ಮನಿರಿ ಅತ್ತೆ. ಆ ಹುಡುಗನಿಗೆ ಇಂಗ್ಲಿಷ್ ಬರುದಿಲ್ಲ.”

“ಕೋಳಿಗೆ ಬರ್ತಿತ್ತಾ?” ಎಂದು ಅಜ್ಜಿ ಕೈ ತೊಳೆಯಲು ಎದ್ದಳು.

ಕಾಣಿಯೂರಿನಲ್ಲಿ ನಳಿನಾಕ್ಷಿಯ ತಮ್ಮನ ಗೃಹಪ್ರವೇಶ. ಶಾಮಿಯಾನ ತೀರ್ಥರಾಮನದೇ. ಹಿಂದಿನ ದಿನ ಅವನು ಮಗಳ ಬಯೋಡೇಟಾವನ್ನು ಪೇಟೆಯಲ್ಲಿ ಬಣ್ಣದಲ್ಲಿ ಪ್ರಿಂಟ್ ಹಾಕಿಸಿ ಪ್ಲಾಸ್ಟಿಕ್ ಫೈಲಿನೊಳಗೆ ಇಟ್ಟುಕೊಂಡ. ಭವಿತಾ ಬರಲಿಲ್ಲ. ಬಂದರೆ ಎಲ್ಲರೂ ‘ಈಗ ಎಲ್ಲಿ ಕೆಲಸ’ ಎಂದು ಕೇಳುತ್ತಾರೆ ಎಂದು ಅವಳಿಗೆ ಹಿಂಸೆ. ಜಲಜಾಕ್ಷಿಯೂ ಒತ್ತಾಯ ಮಾಡಲಿಲ್ಲ, ಅವಳಿಗೂ ಅದೇ ನಾಚಿಕೆ.

ಮಹಾಬಲ ಮುಂದಿನ ಸಾಲಿನಲ್ಲಿ, ಫ್ಯಾನಿಗೆ ನೇರವಾಗಿ ಕಾಲು ಚಾಚಿ ಕೂತಿದ್ದ. ಸುತ್ತ ಐದಾರು ಮಂದಿ. ಒಬ್ಬನ ಕೈಯಲ್ಲಿ ಅವನ ನೀರಿನ ಲೋಟ, ಇನ್ನೊಬ್ಬನ ಕೈಯಲ್ಲಿ ಅವನ ಫೋನಿನ ಚಾರ್ಜರು. ಮಹಾಬಲ ಪುಣೆಯ ಟ್ರಾಫಿಕ್ಕಿನ ಬಗ್ಗೆ ಹೇಳುತ್ತಿದ್ದ. ಪುಣೆಯಲ್ಲಿ ಟ್ರಾಫಿಕ್ ಇರುವುದು ತನ್ನದೇ ಸಾಧನೆ ಎಂಬಂತಿತ್ತು ಅವನ ಮುಖ.

ತೀರ್ಥರಾಮ ಹಗ್ಗ ಬಿಗಿಯುವುದನ್ನು ಬಿಟ್ಟು, ಕೈ ಒರೆಸಿಕೊಂಡು, ಫೈಲು ಹಿಡಿದು, ಜಲಜಾಕ್ಷಿಯನ್ನೂ ಕರೆದುಕೊಂಡು ಬಂದ. ಇಲ್ಲೇ ಅವನು ಎಡವಿದ್ದು. ಅಷ್ಟು ಜನರ ಮುಂದೆ ‘ನನ್ನ ಮಗಳ ಕೆಲಸ ಹೋಗಿದೆ, ಕೆಲಸ ಬೇಕು’ ಎನ್ನಲು ಅವನಿಗೆ ಬಾಯಿ ಬರಲಿಲ್ಲ.

“ಮಹಾಬಲಣ್ಣ, ನಮ್ಮ ಭವಿತಾಳದ್ದು ಒಂದು ಬಯೋಡೇಟಾ ಉಂಟು” ಎಂದ ಮೆಲ್ಲಗೆ. “ನಿಮಗೆ ತುಂಬ ಜನರ ಪರಿಚಯ. ಎಲ್ಲಿಯಾದ್ರೂ ಒಳ್ಳೆ ಕಡೆ ಇದ್ರೆ…”

“ವಯಸ್ಸೆಷ್ಟು?”

“ಇಪ್ಪತ್ತೇಳು.”

“ಸ್ವಲ್ಪ ತಡ ಮಾಡಿದ್ರಿ. ಆಯ್ತು, ಕೊಡಿ, ನೋಡುವ.”

ಮಹಾಬಲ ಫೈಲನ್ನು ತೆರೆಯಲೂ ಇಲ್ಲ, ಪಕ್ಕದಲ್ಲಿದ್ದ ಹೆಂಡತಿಗೆ ದಾಟಿಸಿದ. ಜನರನ್ನು ಓದುವುದೇ ಕಸುಬಾದ ಮನುಷ್ಯನಿಗೆ ಒಂದು ಕಾಗದ ಓದುವ ವ್ಯವಧಾನವಿಲ್ಲ. ನಳಿನಾಕ್ಷಿ ತೆರೆದಳು, ಆದರೆ ಅವಳು ಹುಡುಕಿದ್ದು ಅದರಲ್ಲಿರಲಿಲ್ಲ.

“ಫೋಟೋ ಇಷ್ಟು ಸಣ್ಣದಾ? ಫುಲ್ ಸೈಜಿದ್ದು ಒಂದು ವಾಟ್ಸಾಪ್ ಮಾಡು ಜಲಜ, ಸೀರೆಯದ್ದು. ಎತ್ತರ ಹಾಕಲೇ ಇಲ್ವಲ್ಲ. ಮತ್ತೆ ನಿಮ್ಮದು ಯಾವ ಬಳಿ? ನಂಗೆ ಮರ್ತೇ ಹೋಯ್ತು.”

ಬಳಿ ಎಂದರೆ ಕುಲದ ಕವಲು. ಒಂದೇ ಬಳಿಯವರು ಅಣ್ಣ ತಂಗಿಯರ ಲೆಕ್ಕ, ಮದುವೆಯಾಗುವಂತಿಲ್ಲ. ನಮ್ಮಲ್ಲಿ ಬಳಿ ಕೇಳುವುದಕ್ಕೆ ಇರುವುದು ಅದೊಂದೇ ಕಾರಣ. ಜಲಜಾಕ್ಷಿಗೆ ಆ ಕ್ಷಣವೇ ಎಲ್ಲ ಅರ್ಥವಾಯಿತು. ಬಯೋಡೇಟಾ ಎಂಬ ಶಬ್ದ ಊರಿನಲ್ಲಿ ಎರಡು ಕೆಲಸ ಮಾಡುತ್ತದೆ, ಮತ್ತು ಇಪ್ಪತ್ತೇಳರ ಹುಡುಗಿಯ ಬಯೋಡೇಟಾವನ್ನು ಗೃಹಪ್ರವೇಶದಲ್ಲಿ ಅಪ್ಪ ಗುಟ್ಟಾಗಿ ಕೊಟ್ಟರೆ ಅದು ಯಾವುದಕ್ಕೆಂದು ಯಾರೂ ಕೇಳುವುದಿಲ್ಲ. ‘ಅಯ್ಯೋ ಅಕ್ಕ, ಇದು ಕೆಲಸಕ್ಕೆ’ ಎನ್ನಲು ಅವಳಿಗೆ ಒಂದು ಉಸಿರು ಸಾಕಿತ್ತು. ಅವಳು ಬಳಿಯ ಹೆಸರು ಹೇಳಿದಳು, ಎತ್ತರವನ್ನೂ ಹೇಳಿದಳು, ಒಂದು ಇಂಚು ಸೇರಿಸಿಯೇ ಹೇಳಿದಳು.

ಮನೆಗೆ ಬಂದ ತೀರ್ಥರಾಮ ಯುದ್ಧ ಗೆದ್ದವನಂತೆ ಚಹಾ ಕೇಳಿದ. ನಡೆದದ್ದೆಲ್ಲ ವಿವರಿಸಿದ.

“ಕೆಲಸಕ್ಕೆ ಬಳಿ ಎಂತಕ್ಕೆ?” ಎಂದಳು ಅಜ್ಜಿ.

“ಈಗ ದೊಡ್ಡ ಕಂಪೆನಿಯವರು ಎಲ್ಲ ವಿಚಾರಿಸ್ತಾರೆ ಅಮ್ಮ. ಬ್ಯಾಕ್‌ಗ್ರೌಂಡ್ ಚೆಕ್ ಅಂತ ಹೇಳುದು.”

“ಎತ್ತರ?”

“ಮೇಲಿನ ಕಪಾಟಿನಿಂದ ಬಾಟಲಿ ತೆಗೀಲಿಕ್ಕೆ ಇರ್ಬಹುದು.”

ಅಜ್ಜಿ ಸೊಸೆಯ ಮುಖ ನೋಡಿದಳು. ಸೊಸೆ ಚಹಾದ ಪಾತ್ರೆ ಉಜ್ಜುವುದರಲ್ಲಿ ಮುಳುಗಿದ್ದಳು. ಭವಿತಾ ಹಿತ್ತಿಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಈ ಮಾತು ಅವಳ ಕಿವಿಗೆ ಬಿದ್ದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಮರುದಿನ ಜಲಜಾಕ್ಷಿ ಮಗಳಿಗೆ ಸೀರೆ ಉಡಿಸಿ ಜಗಲಿಯಲ್ಲಿ ನಿಲ್ಲಿಸಿದಳು.

“ಅಮ್ಮ, ಇದು ಮದುವೆ ಫೋಟೋ ಅಲ್ಲ ಅಲ್ವಾ?”

“ನಿನ್ನ ಮದುವೆಗೆ ಫೋಟೋ ಕೇಳುವವರು ಯಾರಿದ್ದಾರೆ ಈಗ? ಕಂಪೆನಿಯವರಿಗೆ ಶಿಸ್ತು ನೋಡ್ಲಿಕ್ಕಂತೆ. ನೆಟ್ಟಗೆ ನಿಲ್ಲು.”

ಭವಿತಾ ನೆಟ್ಟಗೆ ನಿಂತಳು. ಅವಳನ್ನೂ ಪೂರ್ತಿ ಅಮಾಯಕಳೆನ್ನಲು ಬರುವುದಿಲ್ಲ. ಔಷಧಿ ಕಂಪೆನಿ, ಪುಣೆ ಎಂಬ ಎರಡು ಶಬ್ದ ಅವಳ ಕಿವಿಗೂ ಹಿತವಾಗಿಯೇ ಕೇಳಿಸಿದ್ದವು. ಸಂಶಯ ಬಂದದ್ದನ್ನು ಅವಳೇ ಬದಿಗೆ ತಳ್ಳಿದಳು.

ಫೋಟೋ ತೆಗೆದ ಹರ್ಷಿತ್ ಹೇಳಿದ, “ಅಕ್ಕ, ದೊಡ್ಡಪ್ಪನ ಲಿಂಕ್ಡ್‌ಇನ್ ನೋಡಿದೆ. ಜನರಲ್ ಮ್ಯಾನೇಜರ್ ಅಂತ ಈಗ ಇಲ್ಲ. ಕನ್ಸಲ್ಟೆಂಟ್ ಅಂತ ಉಂಟು.”

“ಅದು ಇನ್ನೂ ದೊಡ್ಡದು ಮಾರಾಯ” ಎಂದ ತೀರ್ಥರಾಮ. “ಜನರಲ್ ಮ್ಯಾನೇಜರ್ ಆದ್ರೆ ದಿನಾ ಆಫೀಸಿಗೆ ಹೋಗ್ಬೇಕು. ಕನ್ಸಲ್ಟೆಂಟ್ ಹೋಗ್ಬೇಕಂತಲೇ ಇಲ್ಲ.”

ಅದೇ ವಾರ ಭವಿತಾಳಿಗೆ ಫಾತಿಮತ್ ಝುಹ್ರಾಳ ಫೋನ್ ಬಂತು. ಇಬ್ಬರೂ ಎಂ.ಎಸ್ಸಿ.ಯಲ್ಲಿ ಒಂದೇ ಬೆಂಚಿನವರು. ಝುಹ್ರಾ ಈಗ ಪುತ್ತೂರಿನ ಒಂದು ಲ್ಯಾಬಿನಲ್ಲಿದ್ದಳು. ಬಾವಿ ನೀರು, ಬೋರ್‌ವೆಲ್ ನೀರು, ತೋಟದ ಮಣ್ಣು ಪರೀಕ್ಷೆ ಮಾಡುವ ಚಿಕ್ಕ ಜಾಗ.

“ನಮ್ಮಲ್ಲಿ ಒಬ್ಬ ಕೆಮಿಸ್ಟ್ ಬೇಕು ಮಾರಾಯ್ತಿ. ಮಶೂದ್ ಸರ್ ಕ್ರಿಸ್ಮಸಿನ ಮರುದಿನ ಮಧ್ಯಾಹ್ನದವರೆಗೆ ಇರ್ತಾರೆ, ಆಮೇಲೆ ಹೆಂಡತಿ ಮನೆಗೆ ಹೋಗ್ತಾರೆ. ನೀನು ಬಂದು ಮಾತಾಡು. ನಿನ್ನ ಬಗ್ಗೆ ನಾನು ಹೇಳಿದ್ದೇನೆ.”

ಭವಿತಾ ಖುಷಿಯಲ್ಲಿ ಒಳಗೆ ಬಂದರೆ ಅಪ್ಪನ ಫೋನಿನಲ್ಲಿ ಮಹಾಬಲ. “ಕ್ರಿಸ್ಮಸಿನ ಮರುದಿನ ಬೆಳಿಗ್ಗೆ ಪುತ್ತೂರಿಗೆ ಬನ್ನಿ. ದೊಡ್ಡ ಪಾರ್ಟಿ, ಅವರ ಮನೆಯಲ್ಲೇ. ಫೋಟೋ ನೋಡಿ ಇಷ್ಟ ಆಗಿದೆ. ಹುಡುಗಿಯನ್ನು ಒಮ್ಮೆ ನೋಡಿದ್ರೆ ಆಯ್ತು, ಮತ್ತಿನದ್ದು ನಾನು ಮಾತಾಡ್ತೇನೆ.”

“ಕ್ರಿಸ್ಮಸಿನ ಮರುದಿನ ಬೆಳಿಗ್ಗೆ ಪುತ್ತೂರಿನಲ್ಲಿ ಇಂಟರ್‌ವ್ಯೂ, ಪಾರ್ಟಿಯ ಮನೆಯಲ್ಲೇ” ಎಂದ ತೀರ್ಥರಾಮ ಫೋನ್ ಇಟ್ಟು.

“ಇಂಟರ್‌ವ್ಯೂ ಮನೆಯಲ್ಲಾ?” ಎಂದಳು ಭವಿತಾ.

“ರಜೆ ಅಲ್ವಾ, ಆಫೀಸು ಎಲ್ಲಿ ತೆರೆದಿರ್ತದೆ?” ಎಂದ ತೀರ್ಥರಾಮ. ನಂಬಿದವನಿಗೆ ಎಲ್ಲದಕ್ಕೂ ಉತ್ತರ ಸಿಗುತ್ತದೆ.

“ಅಪ್ಪ, ಅದೇ ಹೊತ್ತಿಗೆ ಝುಹ್ರಾನ ಲ್ಯಾಬಿಗೆ ಹೋಗ್ಬೇಕು.”

“ನೀರು ಕುಲುಕಿಸಿ ನೋಡುವ ಗೂಡಂಗಡಿಯದ್ದು ಒಂದು ಕೆಲಸವಾ? ಪುಣೆಯ ಪಾರ್ಟಿ ಇಲ್ಲಿಗೇ ಬಂದು ಕೂತಿರುವಾಗ?”

“ಇದು ಖಂಡಿತ ಸಿಗುವ ಕೆಲಸ.”

“ಅದಕ್ಕೇ ಅದು ಸಣ್ಣ ಕೆಲಸ” ಎಂದಳು ಜಲಜಾಕ್ಷಿ, ತೆಂಗಿನಕಾಯಿ ತುರಿಯುತ್ತ, ತಲೆ ಎತ್ತದೆ. “ಮಹಾಬಲಣ್ಣನಿಗೆ ಅವಮಾನ ಮಾಡ್ಬೇಡ. ನಾಳೆ ನಮ್ಮ ಮುಖ ಎಲ್ಲಿ ಇಡುದು?”

“ಅವಳು ಎಲ್ಲಿಗೆ ಹೋಗ್ಬೇಕು ಅಂತ ಅವಳಿಗೆ ಗೊತ್ತುಂಟು” ಎಂದಳು ಅಜ್ಜಿ.

“ನೀವು ಹೇಳಿದ್ದು ಸಾಕು ಅತ್ತೆ.”

ಜಗಳ ಎರಡು ದಿನ ನಡೆಯಿತು. ಭವಿತಾ ಒಂದು ಹೊತ್ತು ಉಣ್ಣಲಿಲ್ಲ. ತೀರ್ಥರಾಮ ಒಂದು ಮದುವೆ ಮನೆಗೆ ಮೇಜು ಕಳಿಸಿ ಕುರ್ಚಿ ಕಳಿಸಲು ಮರೆತು ಬೈಸಿಕೊಂಡ. ಕೊನೆಗೆ ಭವಿತಾ ಒಪ್ಪಿದಳು. ಮೊದಲು ದೊಡ್ಡಪ್ಪನದು, ಬೇಗ ಮುಗಿದರೆ ಝುಹ್ರಾಳಲ್ಲಿಗೆ.

ಪುತ್ತೂರಿನ ಆ ಮನೆ ದೊಡ್ಡದು. ಕ್ರಿಸ್ಮಸಿಗೂ ಆ ಮನೆಯವರಿಗೂ ಯಾವ ಸಂಬಂಧವೂ ಇಲ್ಲದಿದ್ದರೂ ಬಾಗಿಲಿಗೆ ನಕ್ಷತ್ರ ತೂಗುಹಾಕಿದ್ದರು. ಹಾಲಿನಲ್ಲಿ ಮಹಾಬಲ, ನಳಿನಾಕ್ಷಿ, ಮನೆಯ ಹೆಂಗಸು ಸುಂದರಿ, ಅವಳ ಅಣ್ಣ, ಬದಿಯಲ್ಲಿ ಮೂವತ್ತರ ಆಸುಪಾಸಿನ ಒಬ್ಬ. ಬಿಳಿ ಅಂಗಿ, ಕೈಯಲ್ಲಿ ಫೋನು. ಭವಿತಾ ಸೀರೆಯಲ್ಲಿದ್ದಳು. ಕಾರಿನಲ್ಲಿ ಬರುವಾಗ ಅಮ್ಮ ತಲೆಗೆ ಮಲ್ಲಿಗೆ ಸಿಕ್ಕಿಸಿದ್ದಳು. ಭವಿತಾ ಕೈಯಲ್ಲಿ ಪ್ರಮಾಣಪತ್ರಗಳ ಫೈಲು ಹಿಡಿದುಕೊಂಡಿದ್ದಳು.

“ಊರು ಬಿಟ್ಟು ಇರ್ಲಿಕ್ಕೆ ಆಗ್ತದಾ?” ಎಂದು ಕೇಳಿದ ಸುಂದರಿಯ ಅಣ್ಣ.

“ಆಗ್ತದೆ ಸರ್. ನಾಲ್ಕು ವರ್ಷ ಹಾಸ್ಟೆಲಿನಲ್ಲೇ ಇದ್ದದ್ದು.”

“ಹೊಂದಿಕೊಂಡು ಹೋಗುವ ಸ್ವಭಾವವಾ?”

“ಟೀಮ್ ವರ್ಕ್ ಅಭ್ಯಾಸ ಉಂಟು ಸರ್. ಎಂಟು ಜನರ ಲ್ಯಾಬ್ ನಮ್ಮದು.”

ಸುಂದರಿಗೆ ಈ ಉತ್ತರ ವಿಚಿತ್ರವಾಗಿ ಕಂಡಿತು. ಆದರೂ ಮುಗುಳ್ನಕ್ಕಳು. ತೀರ್ಥರಾಮ ಮಗಳ ಜಾಣ್ಮೆಗೆ ಹಿಗ್ಗಿ ಬಿಸ್ಕೂಟನ್ನು ಎರಡು ಸಲ ತೆಗೆದುಕೊಂಡ. ಮಹಾಬಲ ಎಲ್ಲರಿಗಿಂತ ಹೆಚ್ಚು ನಗುತ್ತಿದ್ದ. ಮಾತು ಮಾತಿಗೂ ಸುಂದರಿಯ ಅಣ್ಣನ ಕಡೆ ತಿರುಗಿ, ‘ಸರ್’ ಎನ್ನುತ್ತಿದ್ದ. ಎಲ್ಲರಿಂದ ಸರ್ ಎನ್ನಿಸಿಕೊಳ್ಳುವವನ ಬಾಯಲ್ಲಿ ಆ ಶಬ್ದ ಇಷ್ಟು ಸಲೀಸಾಗಿ ಬರುವುದನ್ನು ಭವಿತಾ ಗಮನಿಸಿದಳು.

“ಇಬ್ಬರೂ ಸ್ವಲ್ಪ ಮಾತಾಡ್ಲಿ” ಎಂದಳು ನಳಿನಾಕ್ಷಿ. “ರಿತೇಶ್, ಮೇಲೆ ಬಾಲ್ಕನಿಗೆ ಕರ್ಕೊಂಡು ಹೋಗು.”

ಮೆಟ್ಟಿಲ ಮೇಲೆಯೇ ಭವಿತಾಳ ಸಂಶಯ ಗಟ್ಟಿಯಾಯಿತು. ಬಾಲ್ಕನಿಯಲ್ಲಿ ನಿಂತು ಅವಳು ನೇರವಾಗಿ ಕೇಳಿದಳು.

“ನೀವು ದೊಡ್ಡಪ್ಪನ ಕಂಪೆನಿಯವರಾ?”

“ಯಾವ ಕಂಪೆನಿ?” ಎಂದ ರಿತೇಶ್. “ಅವರನ್ನು ಮೇ ತಿಂಗಳಲ್ಲೇ ತೆಗೆದ್ರಲ್ಲ. ಈಗ ನಮ್ಮ ಮಾವನ ಹತ್ತಿರ ಒಂದು ಪೋಸ್ಟ್ ಕೇಳ್ತಾ ಇದ್ದಾರೆ. ಕೆಳಗೆ ಕೂತಿದ್ದಾರಲ್ಲ, ಅವರೇ ಮಾವ. ಅಮ್ಮ ನಂಗೆ ಹುಡುಗಿ ಹುಡುಕ್ತಾ ಇದ್ರು, ಇವರು ನಿಮ್ಮದು ತಂದುಕೊಟ್ರು.”

“ನಂದು ಎಂತ ತಂದುಕೊಟ್ರು?”

“ಬಯೋಡೇಟಾ.”

ಭವಿತಾ ಕೈಯಲ್ಲಿದ್ದ ಫೈಲನ್ನು ನೋಡಿದಳು. ಸಿಟ್ಟಿಗಿಂತ ಮೊದಲು ಅವಳಿಗೆ ನಾಚಿಕೆಯಾಯಿತು. ಎಂಟು ಜನರ ಲ್ಯಾಬ್ ಎಂದು ತಾನು ಹೇಳಿದ್ದು ನೆನಪಾಗಿ ಕಿವಿ ಬಿಸಿಯಾಯಿತು.

“ನಾನು ಬಂದದ್ದು ಕೆಲಸಕ್ಕೆ” ಎಂದಳು.

“ಅದಕ್ಕೆ ಏನು ತೊಂದರೆ ಇಲ್ಲ” ಎಂದ ರಿತೇಶ್ ಉದಾರವಾಗಿ. ಕೆಟ್ಟವನಲ್ಲ, ಆದರೆ ಜೀವಮಾನದಲ್ಲಿ ಯಾರ ಮುಂದೆಯೂ ಅರ್ಜಿ ಹಿಡಿದು ನಿಂತವನಲ್ಲ. “ಮದುವೆ ಆದ ಮೇಲೆ ನೀವು ಕೆಲಸಕ್ಕೆ ಹೋದ್ರೂ ಅಮ್ಮ ಏನು ಹೇಳುದಿಲ್ಲ. ಟೈಮ್‌ಪಾಸ್ ಆಗ್ತದಲ್ಲ.”

ಭವಿತಾ ಕೆಳಗೆ ಇಳಿದು ಬಂದಳು. ಹಾಲಿನಲ್ಲಿ ಎಲ್ಲರೂ ಮುಖ ಅರಳಿಸಿ ನೋಡಿದರು. “ಅಪ್ಪ, ನಾನು ಲ್ಯಾಬಿಗೆ ಹೋಗ್ತೇನೆ. ನೀವು ಬಿಸ್ಕೂಟು ಮುಗಿಸಿ ಬನ್ನಿ” ಎಂದು ಹೇಳಿ ಚಪ್ಪಲಿ ಮೆಟ್ಟಿ ಗೇಟು ದಾಟಿದಳು. ಹಿಂದಿನಿಂದ ಮಹಾಬಲನ ದನಿ ಕೇಳಿಸಿತು, “ಸ್ವಲ್ಪ ನಾಚಿಕೆ ಸ್ವಭಾವ ಸರ್.”

ಪುತ್ತೂರಿನ ಮುಖ್ಯರಸ್ತೆಯಲ್ಲಿ, ಉರಿಬಿಸಿಲಿನಲ್ಲಿ, ಪಟ್ಟೆ ಸೀರೆ ಉಟ್ಟು ಮಲ್ಲಿಗೆ ಮುಡಿದು ಒಂಟಿಯಾಗಿ ಓಡುನಡಿಗೆಯಲ್ಲಿ ಹೋಗುವ ಹುಡುಗಿಯನ್ನು ಜನ ತಿರುಗಿ ತಿರುಗಿ ನೋಡಿದರು. ಅವಳು ಹೂವನ್ನು ಕಿತ್ತು ಚರಂಡಿಗೆ ಎಸೆದಳು. ಲ್ಯಾಬ್ ಮುಟ್ಟುವಾಗ ಮಶೂದ್ ಹೊರಟುಹೋಗಿ ಅರ್ಧ ಗಂಟೆಯಾಗಿತ್ತು.

“ಎಂತ ಅವತಾರ ಇದು?” ಎಂದಳು ಝುಹ್ರಾ. ಎಲ್ಲ ಕೇಳಿದ ಮೇಲೆ ಅವಳಿಗೆ ನಗು ತಡೆಯಲಾಗಲಿಲ್ಲ. ಭವಿತಾ ಅಳತೊಡಗಿದ ಮೇಲೆ ನಿಲ್ಲಿಸಿದಳು. ಮಶೂದ್‌ಗೆ ಫೋನ್ ಮಾಡಿ, ಬಸ್ಸು ಕೆಟ್ಟಿತ್ತು ಎಂದು ಸುಳ್ಳು ಹೇಳಿದಳು.

“ಹೊಸ ವರ್ಷ ಕಳೆದು ಬರ್ಲಿ” ಎಂದಿತು ಫೋನು. “ಬೇರೆ ಇಬ್ಬರು ಬಂದಿದ್ದಾರೆ. ಮೂವರಿಗೂ ಒಂದೇ ಬಾವಿಯ ನೀರು ಕೊಡ್ತೇನೆ. ಯಾರ ರಿಪೋರ್ಟ್ ಸರಿ ಇರ್ತದೆ, ಅವರಿಗೆ ಕೆಲಸ.”

ಮನೆಗೆ ಬಂದ ಮೇಲೆ ನಡೆದ ಜಗಳವನ್ನು ಬೀದಿಯವರೆಲ್ಲ ಕೇಳಿದರು.

“ನಿನಗೆ ಗೊತ್ತಿತ್ತು” ಎಂದಳು ಭವಿತಾ ತಾಯಿಗೆ.

“ಗೊತ್ತಿತ್ತು. ಬಳಿ ಕೇಳಿದ ದಿನವೇ ಗೊತ್ತಾಯ್ತು” ಎಂದಳು ಜಲಜಾಕ್ಷಿ. “ಎಂತ ತಪ್ಪು ಮಾಡಿದೆ ನಾನು? ಒಳ್ಳೆ ಮನೆ, ಒಳ್ಳೆ ಹುಡುಗ. ಕೆಲಸ ಇವತ್ತು ಇರ್ತದೆ, ನಾಳೆ ಹೋಗ್ತದೆ. ನಿಂದು ಹೋಗ್ಲಿಲ್ವಾ?”

“ಅವಳದ್ದು ಹೋದದ್ದು ಕೆಲಸ, ಮಾನ ಅಲ್ಲ” ಎಂದಳು ಅಜ್ಜಿ. “ಮಾನ ತೆಗೆದದ್ದು ನೀವಿಬ್ಬರು.”

ತೀರ್ಥರಾಮನ ಸಂಕಟವೇ ಬೇರೆ. “ಮಹಾಬಲಣ್ಣನಿಗೆ ಕೆಲಸವೇ ಇಲ್ವಾ?” ಎಂದು ಅವನು ಮೂರು ಸಲ ಕೇಳಿದ. ಮಗಳನ್ನು ಮಾರುಕಟ್ಟೆಯಲ್ಲಿ ನಿಲ್ಲಿಸಿ ಬಂದದ್ದಕ್ಕಿಂತ, ನಂಬಿದ ದೇವರು ಟೊಳ್ಳು ಎಂಬುದು ಅವನಿಗೆ ಹೆಚ್ಚು ನೋವು ಕೊಟ್ಟಿತು. ಅವನ ಮೇಲೆ ಭವಿತಾಳಿಗೆ ಮರುಕ ಬರಲಿಲ್ಲ, ನನಗೂ ಬರುವುದಿಲ್ಲ. ಆ ವಾರವಿಡೀ ಅವಳು ತಾಯಿ ಬಡಿಸಿದ್ದನ್ನು ಮುಟ್ಟಲಿಲ್ಲ. ಅಜ್ಜಿ ಹುರುಳಿ ಚಟ್ನಿ ಅರೆದು ಬೇರೆ ಬಡಿಸುತ್ತಿದ್ದಳು. ಮೇಜಿನ ಬಟ್ಟೆಗಳು ಗೋದಾಮಿನಲ್ಲಿ ರಾಶಿ ಬಿದ್ದು ನಾರತೊಡಗಿದವು. ಕೊನೆಗೆ ತೀರ್ಥರಾಮನೇ ಬಕೆಟ್ಟು ಹಿಡಿದು ಒಗೆಯಲು ಕೂತ.

ಹೊಸ ವರ್ಷದ ಮೊದಲ ಸೋಮವಾರ ಭವಿತಾ ಯಾರಿಗೂ ಹೇಳದೆ ಚೂಡಿದಾರದಲ್ಲಿ ಪುತ್ತೂರಿಗೆ ಹೋದಳು. ಬಾವಿಯ ನೀರಿನಲ್ಲಿ ಕಬ್ಬಿಣ ಎಷ್ಟಿದೆ, ಸುಣ್ಣ ಎಷ್ಟಿದೆ, ಕೊಳೆ ಎಷ್ಟು ಸೇರಿದೆ ಎಂದು ಬರೆದು, ಕುಡಿಯಬಾರದು ಎಂದು ಕೊನೆಗೆ ಸೇರಿಸಿದಳು. ಉಳಿದ ಇಬ್ಬರೂ ಕುಡಿಯಬಹುದು ಎಂದು ಬರೆದಿದ್ದರಂತೆ. ಅದು ಮಶೂದ್‌ನ ಮಾವನ ಮನೆಯ ಬಾವಿ, ಕುಡಿದವರಿಗೆಲ್ಲ ಹೊಟ್ಟೆ ಕೆಟ್ಟಿತ್ತು. ಭವಿತಾಳಿಗೆ ಕೆಲಸವಾಯಿತು. ಸಂಬಳ ಹಿಂದಿನದಕ್ಕಿಂತ ಕಡಿಮೆ. ಅವಳು ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ಸಂಜೆ ಬರತೊಡಗಿದಳು.

ಜಲಜಾಕ್ಷಿ ಒಂದೆರಡು ದಿನ ಮುಖ ಊದಿಸಿಕೊಂಡಿದ್ದು, ಆಮೇಲೆ ಬುತ್ತಿಗೆ ನೀರುದೋಸೆ ಕಟ್ಟಿಕೊಟ್ಟಳು. ಭವಿತಾ ತೆಗೆದುಕೊಂಡಳು. ಮಾತು ಮಾತ್ರ ಬಸ್ಸಿನ ಹೊತ್ತು, ಛತ್ರಿ, ಇಷ್ಟಕ್ಕೇ ನಿಂತಿತ್ತು. ನೆಂಟರ ಫೋನುಗಳು ಬಂದವು. ‘ಕೆಲಸ ಸಿಕ್ಕಿತಂತೆ, ಯಾರು ಮಾಡಿಸಿಕೊಟ್ಟದ್ದು?’ ಎಂಬುದೇ ಎಲ್ಲರ ಪ್ರಶ್ನೆ. ತಾನಾಗಿ ಸಿಕ್ಕಿತು ಎಂದರೆ ಒಬ್ಬರೂ ನಂಬಲಿಲ್ಲ. ಹೆಸರು ಮುಚ್ಚಿಡುತ್ತಿದ್ದಾರೆ ಎಂದು ಬೇಸರ ಮಾಡಿಕೊಂಡರು.

ಜನವರಿ ನಡುವಿನಲ್ಲಿ ಸುಳ್ಯದಲ್ಲಿ ಒಂದು ಮದುವೆ. ಭಾನುವಾರವಾದ್ದರಿಂದ ಭವಿತಾಳೂ ಹೋದಳು. ಊಟದ ಶಾಮಿಯಾನದ ಕೆಳಗೆ ಜನ ಸೇರಿದ್ದಲ್ಲಿ ನೋಡಿದರೆ ಮಹಾಬಲ! ರಜೆ ಮುಗಿದು ಎರಡು ವಾರವಾಗಿದ್ದರೂ ಅವನು ಪುಣೆಗೆ ಹೋಗಿರಲಿಲ್ಲ. ಬಾಡಿಗೆ ಕಾರು ಮಾತ್ರ ಹೋಗಿತ್ತು. ಸುಂದರಿಯ ಅಣ್ಣ ಅವನಿಗೆ ಪೋಸ್ಟೂ ಕೊಡಲಿಲ್ಲ, ಫೋನೂ ಎತ್ತುತ್ತಿರಲಿಲ್ಲ ಎಂಬುದು ಆಗಲೇ ಒಬ್ಬರ ಬಾಯಿಂದ ಒಬ್ಬರಿಗೆ ದಾಟಿತ್ತು. ಆದರೆ ಅವನೆದುರು ಹೇಳುವ ಧೈರ್ಯ ಯಾರಿಗೂ ಇಲ್ಲ.

“ಭವಿತಾಳಿಗೆ ಪುತ್ತೂರಿನಲ್ಲಿ ಆದದ್ದು ನನ್ನ ಒಂದು ಫೋನಿಗೆ” ಎನ್ನುತ್ತಿದ್ದ ಮಹಾಬಲ. “ಸದ್ಯಕ್ಕೆ ಅಲ್ಲಿರ್ಲಿ ಅಂತ ಹೇಳಿದ್ದೇನೆ. ಆಮೇಲೆ ಪುಣೆಗೆ ಎಳ್ಕೊಂಡ್ರೆ ಆಯ್ತು.”

ಇಬ್ಬರು ತಾಯಂದಿರು ಆಗಲೇ ಚೀಲದಿಂದ ಬಯೋಡೇಟಾ ತೆಗೆಯುತ್ತಿದ್ದರು. ಯಾವುದಕ್ಕೆ ಎಂದು ಅವರೂ ಹೇಳಲಿಲ್ಲ. ದೂರದಲ್ಲಿ ಕುರ್ಚಿ ಜೋಡಿಸುತ್ತಿದ್ದ ತೀರ್ಥರಾಮ ಇದನ್ನು ಕೇಳಿದ. ಇನ್ನೊಂದು ಕುರ್ಚಿ ಬಿಡಿಸಿ ಇಟ್ಟ. ಅವನಿಂದ ಆಗುವುದು ಅಷ್ಟೇ.

ಭವಿತಾಳ ಮೈ ಉರಿಯಿತು. ಬಾಲ್ಕನಿಯಿಂದ ಇಳಿದ ದಿನದಿಂದ ಅವಳು ಮನಸ್ಸಿನಲ್ಲೇ ಮಾತು ಮಸೆಯುತ್ತಿದ್ದಳು. ಎಲ್ಲರೆದುರೇ ಹೇಳಬೇಕೆಂದು ಮುಂದೆ ಬಂದಳು. ಅಷ್ಟರಲ್ಲಿ ಮಹಾಬಲ ಕೈ ತೊಳೆಯಲು ಎದ್ದು ಬೇಸಿನ್ನಿನ ಕಡೆ ಹೋದ. ಅವಳೂ ಹಿಂದೆಯೇ ಹೋದಳು.

“ದೊಡ್ಡಪ್ಪ” ಎಂದಳು. “ನಮ್ಮ ಲ್ಯಾಬಿನಲ್ಲಿ ಒಂದು ಕೆಲಸ ಖಾಲಿ ಉಂಟು. ಮನೆ ಮನೆಗೆ ಹೋಗಿ ಬಾವಿಯಿಂದ ನೀರು ಸೇದಿ, ಬಾಟಲಿಯಲ್ಲಿ ತುಂಬಿಸಿ, ಹೆಸರು ಬರೆದು ತರುದು. ಸಂಬಳ ಹದಿನಾಲ್ಕು ಸಾವಿರ. ಯಾರಿಗಾದ್ರೂ ಬೇಕಾ ಅಂತ ಕೇಳ್ತಿದ್ದಾರೆ. ನಿಮಗೆ ಬೇಕಾ?”

ಹೇಳಿ ಅವಳು ಅವನ ಮುಖವನ್ನೇ ನೋಡಿದಳು. ಆ ಮುಖ ಕೆಂಪಾಗುವುದನ್ನು ನೋಡಬೇಕೆಂದೇ ಅವಳು ಇಷ್ಟು ದಿನ ಕಾದದ್ದು.

ಮಹಾಬಲ ನಲ್ಲಿ ನಿಲ್ಲಿಸಿದ. ಹಿಂದೆ ಯಾರಾದರೂ ಇದ್ದಾರೆಯೇ ಎಂದು ನೋಡಿದ. ಒದ್ದೆ ಕೈಯನ್ನು ಕರವಸ್ತ್ರದಿಂದ ಒಂದೊಂದೇ ಬೆರಳಾಗಿ ಒರೆಸಿಕೊಂಡ.

“ಪೆಟ್ರೋಲ್ ಅವರೇ ಕೊಡ್ತಾರಾ?” ಎಂದು ಕೇಳಿದ.